ಶಿಬಿರ ಮುಂದಕ್ಕೆ ಹೋಗಿದೆ

6 ಜನವರಿ 2003, ಸೋಮವಾರ

ಇವತ್ತು ಹನ್ನೊಂದು ಕಾರ್ಯಕ್ರಮ ಟೈಪ್ ಮಾಡಿದೆ. ಎರಡು ಸಂಗೀತ, ಒಂದು ನಾಟಕ, ಮೂರು ಉಪನ್ಯಾಸ, ಒಂದು ವಧೂವರರ ಸಮಾವೇಶ, ಉಳಿದದ್ದೆಲ್ಲ ಪ್ರವಚನ. ಕರಪತ್ರ ನೋಡಿದರೆ ತಲೆ ಕೆಡುತ್ತದೆ. ದಿವ್ಯ ಸಾನ್ನಿಧ್ಯ, ಅಧ್ಯಕ್ಷತೆ, ಘನ ಉಪಸ್ಥಿತಿ — ಹದಿನಾಲ್ಕು ಹೆಸರು. ಎಷ್ಟು ಗಂಟೆಗೆ ಅನ್ನುವುದನ್ನು ಮಾತ್ರ ಹುಡುಕಬೇಕು. ಒಂದರಲ್ಲಿ ಹುಡುಕಿದರೂ ಸಿಗಲಿಲ್ಲ.

ವಿಜಯ್‌ಕುಮಾರ್ ಸರ್‌ಗೆ ತೋರಿಸಿದೆ. "ಇದ್ದಂಗೇ ಹೊಡೀರಿ ಹೇಮಶ್ರೀ. ನಮ್ದು ಬರೀ ಕ್ಯಾಲೆಂಡರ್ರು" ಅಂದರು. ಊರಿನ ಕಾರ್ಯಕ್ರಮ ಹಾಕುವ ಈ ವೆಬ್‌ಸೈಟ್ ಅವರದು, ಒಂಟಿಕೊಪ್ಪಲಿನ ಮಹಡಿ ಮೇಲಿನ ಆಫೀಸ್ ಅವರದು. ಸ್ಟಾಫ್ ಅಂದರೆ ನಾನೊಬ್ಬಳೇ. ನಿನ್ನೆ ಸೈಟಿಗೆ ಬಂದವರು ಅರವತ್ತಮೂರು ಜನ. ಅದರಲ್ಲಿ ನಾನೇ ಹತ್ತು ಸಲ.

ಸಂಜೆ ಪ್ರಿಂಟೌಟ್ ಮನೆಗೆ ತಂದೆ. ಅಪ್ಪ ಪೂರ್ತಿ ಓದಿ ಕನ್ನಡಕ ತೆಗೆದರು.

"ಇದನ್ನ ಯಾರಿಗೆ ಬರ್ದಿದೀಯ?"

"ಜನಕ್ಕೆ."

"ಇದ್ರಲ್ಲಿ ಜನ ಎಲ್ಲವ್ರೆ? ಬರೀ ಅಧ್ಯಕ್ಷರವ್ರೆ."

ಇಪ್ಪತ್ತಾರು ವರ್ಷ ಆಟೋದಲ್ಲಿ ಮೈಕ್ ಹಿಡಿದು ಊರೆಲ್ಲ ಸಾರಿದವರು ಅಪ್ಪ. ಹುಚ್ಚಣ್ಣ ಆಟೋ ಓಡಿಸುವುದು, ಅಪ್ಪ ಹಿಂದೆ ಕೂತು ಹೇಳುವುದು. ಸರ್ಕಸ್ ಬಂತು, ನಾಳೆ ನೀರು ಬರಲ್ಲ, ಮಕ್ಕಳಿಗೆ ಪೋಲಿಯೋ ಹನಿ ಹಾಕಿಸಿ. ಮೈಕ್ ಮಲ್ಲಪ್ಪ ಅಂದರೆ ಸಾಕು, ಶಿವಮಲ್ಲಪ್ಪ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ.

"ಆಟೋ ಒಂದು ಮನೆ ಮುಂದೆ ಇರೋದು ಎಂಟು ಸೆಕೆಂಡು ಕಣಮ್ಮ. ಒಳಗೆ ರೊಟ್ಟಿ ತಟ್ತಾ ಇರೋಳಿಗೆ ಅಷ್ಟರಲ್ಲಿ ತಿಳೀಬೇಕು. ಏನು, ಯಾವತ್ತು, ಎಷ್ಟೊತ್ತಿಗೆ, ಎಲ್ಲಿ, ಹೋಗೋದು ಹೆಂಗೆ. ಅಧ್ಯಕ್ಷರ ಹೆಸರು ಅಧ್ಯಕ್ಷರಿಗೆ ಗೊತ್ತಿರ್ತದೆ."

ಅಷ್ಟು ಹೇಳುವುದರಲ್ಲಿ ಎರಡು ಸಲ ಕೆಮ್ಮಿದರು. ದೀಪಾವಳಿಯಿಂದ ಗಂಟಲು ಕಟ್ಟಿದೆ. ರಸ್ತೆ ಧೂಳು ಅನ್ನುತ್ತಾರೆ. ಅವ್ವ ದಿನಾ ಮೆಣಸಿನ ಕಷಾಯ ಮಾಡಿಕೊಡುತ್ತಾಳೆ.

9 ಜನವರಿ, ಗುರುವಾರ

ಅಪ್ಪ ಹೇಳಿದ ಹಾಗೆ ಬರೆದೆ. ಕರಪತ್ರದಲ್ಲಿ ಇದ್ದದ್ದು ಇಪ್ಪತ್ತೆರಡು ಸಾಲು. ನಾನು ಹಾಕಿದ್ದು —

ವೀಣೆ ಕಛೇರಿ. 12 ಜನವರಿ, ಭಾನುವಾರ, ಸಂಜೆ 6ರಿಂದ 8. ಒಂಟಿಕೊಪ್ಪಲಿನ ಸಭಾಭವನ. ಮೊದಲ ಮಹಡಿಯಲ್ಲಿದೆ, 19 ಮೆಟ್ಟಿಲು, ಲಿಫ್ಟ್ ಇಲ್ಲ. ಬಸ್ ಸ್ಟಾಪಿನಿಂದ ಎರಡು ನಿಮಿಷ. ಯಾರು ಬೇಕಾದರೂ ಬರಬಹುದು.

ಮೆಟ್ಟಿಲು ಎಣಿಸಲು ನಾನೇ ಹೋಗಿದ್ದೆ. ವಾಚ್‌ಮನ್ ಯಾಕೆ ಅಂತ ಕೇಳಿದ. ಹೇಳಿದೆ. ನಕ್ಕ.

ಸರ್‌ಗೆ ಸಿಟ್ಟು. "ಏನ್ರೀ ಇದು, ಅಧ್ಯಕ್ಷರ ಹೆಸರೇ ನುಂಗ್ಬಿಟ್ರಲ್ಲ! ಅವರು ನಮಗೆ ಆ್ಯಡ್ ಕೊಡೋರು." ಕೊನೆಗೆ ಒಪ್ಪಂದ — ಹೆಸರುಗಳೆಲ್ಲ ಕೆಳಗೆ, ಸಣ್ಣ ಅಕ್ಷರದಲ್ಲಿ.

13 ಜನವರಿ, ಸೋಮವಾರ

ಒಬ್ಬರ ಫೋನು. ನಂಜುಂಡಯ್ಯ ಅಂತೆ, ಮೊಣಕಾಲು ಆಪರೇಷನ್ ಆಗಿದೆಯಂತೆ. "ಹತ್ತೊಂಬತ್ತು ಮೆಟ್ಟಿಲು ಅಂತ ಹಾಕಿದ್ರಲ್ಲ, ಅದಕ್ಕೇ ಹೋಗ್ಲಿಲ್ಲಮ್ಮ" ಅಂದರು. ಸಾರಿ ಅಂದೆ. "ಸಾರಿ ಯಾಕಮ್ಮ? ಹೋಗಿ ಕೆಳಗೆ ನಿಂತು ವಾಪಸ್ ಬರೋದು ತಪ್ತು. ಎಷ್ಟು ಸಲ ಹಂಗೆ ಬಂದಿದೀನಿ ಗೊತ್ತಾ?"

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ತಲೆಯಾಡಿಸಿದರು. ಮಾತು ಕಮ್ಮಿ ಮಾಡಿದ್ದಾರೆ.

27 ಜನವರಿ, ಸೋಮವಾರ

ಇಲವಾಲದಿಂದ ಮಂಟಯ್ಯ ಅಂತ ಒಬ್ಬರು ಆಫೀಸಿಗೆ ಬಂದಿದ್ದರು. ಎಸ್‌ಟಿಡಿ ಬೂತ್ ಇಟ್ಟಿದ್ದಾರೆ, ಒಂದು ಕಂಪ್ಯೂಟರೂ ಇದೆ. ಪ್ರತಿ ಶನಿವಾರ ನಮ್ಮ ಪುಟ ಪ್ರಿಂಟ್ ತೆಗೆದು ಅಂಗಡಿ ಗೋಡೆಗೆ ಅಂಟಿಸುತ್ತಾರಂತೆ. ಹಾಲಿನ ಡೈರಿಗೆ ಬರುವವರೆಲ್ಲ ಓದುತ್ತಾರಂತೆ, ಓದಲು ಬಾರದವರು ಓದಿಸಿಕೊಳ್ಳುತ್ತಾರಂತೆ. ಒಂದೊಂದು ಸಲ ಫಾಂಟ್ ಕೈಕೊಟ್ಟು ಎಲ್ಲ ಚೌಕ ಚೌಕವಾಗಿ ಬರುತ್ತದೆ, ಅದನ್ನ ಸರಿ ಮಾಡಿಕೊಡಿ ಅಂತ ಕೇಳಲು ಬಂದದ್ದು.

ಸರ್‌ಗಿಂತ ಅಪ್ಪನಿಗೇ ಹೆಚ್ಚು ಖುಷಿ. ಪಿಸುದನಿಯಲ್ಲೇ, "ಗೋಡೆ ಮೇಲೆ ಓದ್ತಾರೆ ಅಂದ್ರೆ ಅಕ್ಷರ ದೊಡ್ದು ಮಾಡು. ಇನ್ನೊಂದು — ಹಿಂದಿನ ದಿನ ಒಂದ್ಸಲ ಫೋನ್ ಮಾಡಿ ಕೇಳು. ನಡೀತದಾ ಇಲ್ವಾ ಅಂತ. ನಾನು ಕೇಳ್ದೇನೇ ಆಟೋ ಹತ್ತುತಿರ್ಲಿಲ್ಲ" ಅಂದರು.

ನಾಳೆಯಿಂದ ದಿನಾ ಸಂಜೆ ನಾಲ್ಕಕ್ಕೆ ಫೋನ್ ಹಿಡಿದು ಕೂರುತ್ತೇನೆ. ಮರುದಿನದ್ದೆಲ್ಲ ಒಂದೊಂದಾಗಿ ಕೇಳಬೇಕು.

10 ಫೆಬ್ರವರಿ, ಸೋಮವಾರ

ಅಪ್ಪನನ್ನು ಇಎನ್‌ಟಿ ಡಾಕ್ಟರಿಗೆ ತೋರಿಸಿದೆವು. ಕನ್ನಡಿ ಹಾಕಿ ನೋಡಿದರು. ಚೂರು ತೆಗೆದು ಕಳಿಸಬೇಕಂತೆ. ಬಯಾಪ್ಸಿ. ಶನಿವಾರ ರಿಪೋರ್ಟು.

ಅವ್ವ ದಾರಿಯುದ್ದಕ್ಕೂ, "ಚೂರು ಅಂದ್ರೆ ಎಷ್ಟು ಚೂರು?" ಅಂತ ಕೇಳುತ್ತಲೇ ಇದ್ದಳು.

13 ಫೆಬ್ರವರಿ, ಗುರುವಾರ

ಉಚಿತ ಕಣ್ಣು ತಪಾಸಣೆ ಶಿಬಿರ. 16 ಫೆಬ್ರವರಿ, ಭಾನುವಾರ, ಬೆಳಿಗ್ಗೆ 9ರಿಂದ 1. ದಟ್ಟಗಳ್ಳಿ, ನೀರಿನ ಟ್ಯಾಂಕ್ ಎದುರಿನ ಶಾಲೆ. ನೆಲಮಟ್ಟದಲ್ಲೇ ಇದೆ, ಮೆಟ್ಟಿಲಿಲ್ಲ. ಹಳೇ ಕನ್ನಡಕ, ಔಷಧಿ ಚೀಟಿ ಇದ್ದರೆ ತನ್ನಿ. ಸಿಟಿ ಬಸ್ ಸ್ಟ್ಯಾಂಡಿನಿಂದ ಬಸ್ಸಿದೆ. ಟ್ಯಾಂಕಿನ ಹತ್ತಿರ ಇಳಿಸಿ ಅಂತ ಕಂಡಕ್ಟರಿಗೆ ಹೇಳಿ.

ದಟ್ಟಗಳ್ಳಿಯಲ್ಲಿ ಎಲ್ಲ ಹೊಸ ಬಡಾವಣೆ, ಬೋರ್ಡೇ ಇಲ್ಲ. ಟ್ಯಾಂಕ್ ಒಂದೇ ಗುರುತು. ಇದು ನಾನು ಬರೆದದ್ದರಲ್ಲೇ ಚೆನ್ನಾಗಿದೆ ಅನ್ನಿಸಿತು. ಅಪ್ಪ ಒಂದಕ್ಷರವನ್ನೂ ತಿದ್ದಲಿಲ್ಲ.

15 ಫೆಬ್ರವರಿ, ಶನಿವಾರ

ಕ್ಯಾನ್ಸರ್.

ಧ್ವನಿಪೆಟ್ಟಿಗೆಯಲ್ಲಿ.

17 ಫೆಬ್ರವರಿ, ಸೋಮವಾರ

ಶನಿವಾರ ಆಸ್ಪತ್ರೆಯಿಂದ ಸೀದಾ ಮನೆಗೆ ಹೋದೆ. ಆಫೀಸಿಗೆ ಹೋಗಲಿಲ್ಲ. ನಾಲ್ಕು ಗಂಟೆಗೆ ಫೋನ್ ಮಾಡಲಿಲ್ಲ. ಮಾಡಬೇಕು ಅನ್ನುವುದು ನೆನಪಿಗೇ ಬರಲಿಲ್ಲ.

ಇವತ್ತು ಆಫೀಸಿನ ಬಾಗಿಲು ತೆಗೆಯುವಾಗಲೇ ಫೋನ್ ಬಡಿದುಕೊಳ್ಳುತ್ತಿತ್ತು. ಮಂಟಯ್ಯ.

"ಏನಮ್ಮ ನೀವು, ಶಿಬಿರ ಇಲ್ಲ ಅಂದ್ಮೇಲೆ ಇಲ್ಲ ಅಂತ ಹಾಕ್ಬಾರ್ದಾ? ನಮ್ಮೂರ ದೇವಿರಮ್ಮಜ್ಜಿ ಒಬ್ಳೇ ಹೋಗಿತ್ತು. ಎರಡು ಬಸ್ ಹತ್ತಿ. ಮೊದ್ಲೇ ಕಣ್ಣು ಮಂಜು. ಗೇಟಿಗೆ ಬೀಗ. ಬಿಸಿಲಲ್ಲಿ ಎರಡು ಗಂಟೆವರ್ಗೂ ಕೂತಿತ್ತಂತೆ, ತಡವಾದ್ರೂ ಬರ್ತಾರೆ ಅಂತ. ಯಾಕೆ ಅಂದ್ರೆ ಗೋಡೇಲಿ ಬರ್ದಿತ್ತು ಅಂತದೆ!"

ಶಿಬಿರ ನಡೆಸುವ ಟ್ರಸ್ಟಿನವರ ಕಾಗದ ಶುಕ್ರವಾರವೇ ಬಂದಿದೆ. ಟ್ರೇಯಲ್ಲಿ, ಕರಪತ್ರಗಳ ಕೆಳಗೆ ಬಿದ್ದಿತ್ತು. ಡಾಕ್ಟರಿಗೆ ಅನಾನುಕೂಲ, ಶಿಬಿರ ಮಾರ್ಚ್ 2ಕ್ಕೆ ಮುಂದಕ್ಕೆ ಹೋಗಿದೆ ಅಂತ.

ಸರ್ ಬೈಯಲಿಲ್ಲ. "ನಿಮ್ಮ ಮನೇಲಿ ಹಿಂಗಾಗಿರುವಾಗ... ಒಂದು ಮಿಸ್ ಆದ್ರೆ ಏನೀಗ, ಬಿಡಿ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

18 ಫೆಬ್ರವರಿ, ಮಂಗಳವಾರ

ಹೊಸ ತಾರೀಖು ಹಾಕಿದೆ. ಮೊದಲ ಸಾಲಿನಲ್ಲೇ, ದೊಡ್ಡ ಅಕ್ಷರದಲ್ಲಿ — ಶಿಬಿರ ಮುಂದಕ್ಕೆ ಹೋಗಿದೆ. ಎಲ್ಲ ಕಾರ್ಯಕ್ರಮದ ಕೆಳಗೂ ಇನ್ನು ಮೇಲೆ ಒಂದು ಸಾಲು: ಖಚಿತಪಡಿಸಿಕೊಂಡದ್ದು, ತಾರೀಖು, ಗಂಟೆ. ಅಜ್ಜಿಗೆ ಹೇಳಿ ಅಂತ ಮಂಟಯ್ಯನಿಗೆ ಫೋನ್ ಮಾಡಿದೆ.

ಅಪ್ಪನಿಗೆ ಹೇಳಬಾರದು ಅಂದುಕೊಂಡಿದ್ದೆ. ಹೇಳಿಬಿಟ್ಟೆ. ಅವರ ಮುಖ ಶನಿವಾರ ಡಾಕ್ಟರ್ ಹೇಳಿದಾಗಲೂ ಹೀಗಾಗಿರಲಿಲ್ಲ.

"ಒಬ್ಳೇನಾ?" ಅಂತ ಒಂದೇ ಮಾತು.

26 ಫೆಬ್ರವರಿ, ಬುಧವಾರ

ದೇವಿರಮ್ಮ ಬರುವುದಿಲ್ಲವಂತೆ. "ಗೋಡೆ ಮಾತು ಇನ್ನು ನಂಬಲ್ಲ" ಅಂದರಂತೆ.

ಅಪ್ಪ ಬೆಳಿಗ್ಗೆ ಹುಚ್ಚಣ್ಣನಿಗೆ ಹೇಳಿಕಳಿಸಿ ಆಟೋ ತರಿಸಿದರು. ಸ್ಪೀಕರ್ ಕಟ್ಟಿಸಿದರು. ಇಲವಾಲಕ್ಕೆ ಹೋಗಿ ತಾವೇ ಸಾರುತ್ತಾರಂತೆ, ಮಾರ್ಚ್ ಎರಡು ಅಂತ. ಬೇಡ ಅಂದರೂ ಕೇಳದೆ ಹಿಂದೆ ಹತ್ತಿ ಕೂತರು. ಮೈಕ್ ಹಿಡಿದು ಬಾಯಿ ತೆರೆದರು. ಸ್ಪೀಕರಿನಿಂದ ಬಂದದ್ದು ಮರಳು ಉಜ್ಜಿದ ಹಾಗಿನ ಸದ್ದು. ಇನ್ನೊಂದು ಸಲ. ಮತ್ತೊಂದು ಸಲ. ಎದುರುಮನೆಯವರು ಬಾಗಿಲಿಗೆ ಬಂದು ನೋಡಿದರು.

ಹುಚ್ಚಣ್ಣ ಇಳಿದು ಬಂದು ಮೈಕ್ ಆಫ್ ಮಾಡಿದ. "ನಾಳೆ ಹೋಗಾನ ಬುಡು ಮಲ್ಲಪ್ಪ" ಅಂದ.

ಅಪ್ಪ ಇಳಿದು ಒಳಗೆ ಹೋದರು. ಅವ್ವ ಕಷಾಯ ತಂದಳು. ಕುಡಿಯಲಿಲ್ಲ.

2 ಮಾರ್ಚ್, ಭಾನುವಾರ

ದಟ್ಟಗಳ್ಳಿಗೆ ಹೋಗಿ ಶಿಬಿರದ ಗೇಟಿನಲ್ಲಿ ನಿಂತಿದ್ದೆ, ಒಂಬತ್ತರಿಂದ ಒಂದರವರೆಗೆ. ನೂರಾರು ಜನ ಬಂದರು. ಇಲವಾಲದಿಂದ ಯಾರೂ ಬರಲಿಲ್ಲ.

ನಾನೇ ಹೋಗಿ ಕರೆದುಕೊಂಡು ಬರಬೇಕಿತ್ತು. ಮುಂದಿನ ವಾರ ಹೋಗುತ್ತೇನೆ.

9 ಏಪ್ರಿಲ್, ಬುಧವಾರ

ಆಪರೇಷನ್ ಆಯಿತು. ಧ್ವನಿಪೆಟ್ಟಿಗೆ ಪೂರ್ತಿ ತೆಗೆದಿದ್ದಾರೆ. ಕುತ್ತಿಗೆಯಲ್ಲಿ ಒಂದು ತೂತು, ಇನ್ನು ಮೇಲೆ ಉಸಿರಾಟ ಅದರಲ್ಲೇ. ಎಚ್ಚರ ಆದಾಗ ಅಪ್ಪ ಅವ್ವನನ್ನು ಕರೆದರು. ತುಟಿ ಆಡಿತು, ಅಷ್ಟೆ. ಪ್ರೇಮಾ ಅಂತ ತುಟಿ ನೋಡಿಯೇ ತಿಳಿಯಿತು. ಅವ್ವ ಮಾತ್ರ ಇನ್ನೂ ಕೇಳಿಸೀತು ಅನ್ನುವ ಹಾಗೆ ಬಗ್ಗಿ ಕಿವಿ ಇಟ್ಟಿದ್ದಳು.

30 ಏಪ್ರಿಲ್, ಬುಧವಾರ

ಅಪ್ಪನಿಗೆ ಒಂದು ಸ್ಲೇಟು ತಂದುಕೊಟ್ಟಿದ್ದೇವೆ. ಮೊದಲ ದಿನ ಬರೆದದ್ದು — "ಅಜ್ಜಿ ಬಂದಿತ್ತಾ?"

ಇಲ್ಲ ಅಂದೆ. ಅಳಿಸಿದರು.

8 ಆಗಸ್ಟ್, ಶುಕ್ರವಾರ

ಮೂರು ತಿಂಗಳಾಯಿತು ಇದರಲ್ಲಿ ಬರೆದು. ರೇಡಿಯೇಷನ್, ಆಫೀಸು, ಮನೆ. ಇಲವಾಲಕ್ಕೆ ಹೋಗಲಿಲ್ಲ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಟೈಮ್ ಇರಲಿಲ್ಲ ಅಂದರೆ ಸುಳ್ಳು. ಹೆದರಿಕೆ.

ಮಂಟಯ್ಯನ ಫೋನು ಇವತ್ತು. ದೇವಿರಮ್ಮ ನೀರಿನ ತೊಟ್ಟಿ ಕಾಣದೆ ಎಡವಿ ಬಿದ್ದರಂತೆ. ಮಗ ಲಾರಿ ಮೇಲೆ ಹೋದರೆ ಹದಿನೈದು ದಿನ ಬರುವುದಿಲ್ಲ. "ಬಲಗಣ್ಣು ಪೂರ್ತಿ ಹೋದಂಗದೆ ಕಣಮ್ಮ. ಯಾರು ಕರೆದ್ರೂ ಬರಕ್ಕಿಲ್ಲ ಅಂತದೆ."

ಅಪ್ಪ ಸ್ಲೇಟಿನಲ್ಲಿ ಬರೆದರು, "ಭಾನುವಾರ. ನಾನೂ."

10 ಆಗಸ್ಟ್, ಭಾನುವಾರ

ಹುಚ್ಚಣ್ಣನ ಆಟೋದಲ್ಲಿ ಹೋದೆವು. ಅಪ್ಪ ಕುತ್ತಿಗೆಗೆ ತೆಳು ಬಟ್ಟೆ ಕಟ್ಟಿಕೊಂಡಿದ್ದರು. ಮಂಟಯ್ಯ ಮನೆ ತೋರಿಸಿದರು. ಅಜ್ಜಿ ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು, ಕಣ್ಣಿನಿಂದಲ್ಲ, ಬೆರಳಿನಿಂದ ನೋಡುತ್ತ.

"ಆ ಗೋಡೆ ಮೇಲಿಂದು ಬರ್ದವಳು ನಾನೇ ಅಜ್ಜಿ" ಅಂದೆ. ಮೊದಲೇ ಹೇಳಿಬಿಡಬೇಕು ಅಂತ ದಾರಿಯಲ್ಲಿ ಅಂದುಕೊಂಡು ಬಂದಿದ್ದೆ. "ಶಿಬಿರ ಇಲ್ಲ ಅಂತ ಕಾಗದ ಬಂದಿತ್ತು. ನಾನು ನೋಡ್ಲಿಲ್ಲ."

ಅಜ್ಜಿ ಕೈ ನಿಲ್ಲಿಸಲಿಲ್ಲ. "ಅಂಗಾ. ಓದಿದೋಳೇ ನೋಡ್ನಿಲ್ಲ ಅಂದ್ರೆ ನಾನೇನವ್ವ ನೋಡ್ಲಿ."

ಜಗಲಿಯ ಅಂಚಿನಲ್ಲಿ ಕೂತು ನಾನೂ ಒಂದು ಹಿಡಿ ಕಾಯಿ ಎತ್ತಿಕೊಂಡೆ.

"ಮುಂಚೆಯೆಲ್ಲ ಒಬ್ಬ ಆಟೋದಲ್ಲಿ ಬಂದು ಕೂಗೋನು" ಅಂದರು ಅಜ್ಜಿ. "ನಾಳಿಕ್ಕೆ ಲಸಿಕೆ ಅಂದ್ರೆ ನಾಳಿಕ್ಕೆ ಲಸಿಕೆ. ಅವನ ಮಾತು ಒಂದ್ಸಲಾನೂ ಸುಳ್ಳಾಗ್ನಿಲ್ಲ. ನನ್ನ ಮಗಿನ ಕಾಲು ಉಳೀತು ಅಂದ್ರೆ ಅವನು ಕೂಗಿದ್ದಕ್ಕೇಯ. ಈಗ ಅವನೂ ಬರಕ್ಕಿಲ್ಲ. ಸತ್ತೋದ್ನೋ ಏನೋ."

ಹುಚ್ಚಣ್ಣನಿಗೆ ತಡೆಯಲಾಗಲಿಲ್ಲ. "ಸತ್ತಿಲ್ಲ ಕಣಜ್ಜಿ. ಇಗೋ, ನಿನ್ ಮುಂದೇ ನಿಂತವ್ನೆ."

ಅಜ್ಜಿ ಕಡಲೆಕಾಯಿ ಬಿಟ್ಟು ಮುಖ ಎತ್ತಿದರು, ಅಪ್ಪ ನಿಂತ ಕಡೆಗಲ್ಲ, ಸ್ವಲ್ಪ ಪಕ್ಕಕ್ಕೆ. "ದಿಟವಾ? ಎಲ್ಲಿ, ಒಂದ್ಸಲ ಕೂಗಪ್ಪ. ಕೇಳ್ತೀನಿ."

ಅಪ್ಪನ ತುಟಿ ಅಲುಗಿತು. ಕುತ್ತಿಗೆಯ ಬಟ್ಟೆ ಒಳಗೆ ಹೋಯಿತು, ಹೊರಗೆ ಬಂತು. ಉಸಿರಿನ ಸದ್ದೊಂದೇ. ಅಜ್ಜಿ ಕಾಯುತ್ತಲೇ ಇದ್ದರು.

ಅಜ್ಜಿಗೆ ತಾನಾಗಿಯೇ ತಿಳಿಯಿತು. ಕೈ ಚಾಚಿದರು. ಅಪ್ಪ ಕೆಳಗೆ ಕೂತು ಆ ಕೈ ಹಿಡಿದುಕೊಂಡರು.

"ಬುಡು ಬುಡು. ಅಳಬ್ಯಾಡ. ನಂಗೂ ಕಾಣಕ್ಕಿಲ್ಲ."

ಆಮೇಲೆ ತಾವೇ ಕೇಳಿದರು, "ಯಾವತ್ತು ಬರ್ಬೇಕಂತೆ ಆಸ್ಪತ್ರೆಗೆ?"

12 ಆಗಸ್ಟ್, ಮಂಗಳವಾರ

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪೊರೆ ಅಲ್ಲ. ಗ್ಲಾಕೋಮಾ, ಕಣ್ಣಿನೊಳಗಿನ ಒತ್ತಡ ಜಾಸ್ತಿಯಾಗಿ ನರ ಸಾಯುವುದು. ಬಲಗಣ್ಣು ಮುಗಿದಿದೆ. ಎಡಗಣ್ಣಿನಲ್ಲಿ ಒಂದಿಷ್ಟು ಉಳಿದಿದೆ. ದಿನಾ ಹನಿ ಹಾಕಿದರೆ ಅಷ್ಟು ಉಳಿಯಬಹುದು. ಹೋದದ್ದು ಬರುವುದಿಲ್ಲ.

"ಫೆಬ್ರವರಿಯಲ್ಲಿ ತೋರಿಸಿದ್ದಿದ್ರೆ?" ಅಂತ ಕೇಳಿದೆ.

ಡಾಕ್ಟರ್ ವಯಸ್ಸಿನಲ್ಲಿ ಚಿಕ್ಕವರು. ಕಾಗದದಿಂದ ತಲೆ ಎತ್ತದೆ, "ಆಗ ಬಂದಿದ್ರೆ ಬಲಗಣ್ಣಲ್ಲೂ ಸ್ವಲ್ಪ ಉಳೀತಿತ್ತೇನೋ. ಖಂಡಿತ ಅಂತ ಹೇಳಕ್ಕಾಗಲ್ಲ" ಅಂದರು.

ಹೊರಗೆ ಬೆಂಚಿನ ಮೇಲೆ ಕೂತಾಗ ಅಜ್ಜಿ ಕೇಳಿದರು, "ಅದ್ನ ಯಾಕವ್ವ ಕೇಳ್ದೆ?"

"ಗೊತ್ತಾಗ್ಬೇಕಿತ್ತು ಅಜ್ಜಿ."

"ಗೊತ್ತಾಗಿ ಏನಾಯ್ತು?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. ಬಸ್ ಹತ್ತಿಸುವಾಗ ಮೆಟ್ಟಿಲು ಎತ್ತರ ಇದೆ ಅಂತ ಹೇಳಿದೆ. "ಊಂ" ಅಂದರು.

6 ಸೆಪ್ಟೆಂಬರ್, ಶನಿವಾರ

ಅಪ್ಪ ಈಗ ಶನಿವಾರ ಶನಿವಾರ ಆಫೀಸಿಗೆ ಬರುತ್ತಾರೆ. ಪಕ್ಕದಲ್ಲಿ ಕೂತು ವಾರದ್ದೆಲ್ಲ ನೋಡುತ್ತಾರೆ. "ಸಂಜೆ" ಅಂತ ಮಾತ್ರ ಬರೆದಿದ್ದರೆ ಸ್ಲೇಟಿನಲ್ಲಿ "ಎಷ್ಟು?" ಅಂತ ಬರೆದು ನನ್ನ ಮುಂದೆ ಹಿಡಿಯುತ್ತಾರೆ. ಸರ್‌ಗೂ ಇಷ್ಟ. ಕುಶನ್ ಹಾಕಿದ ಕುರ್ಚಿ ಅಪ್ಪನಿಗೇ ಬಿಟ್ಟಿದ್ದಾರೆ.

ಹನ್ನೊಂದಕ್ಕೆ ಫೋನು. ಮಂಟಯ್ಯನ ಬೂತಿನಿಂದ ದೇವಿರಮ್ಮ. "ಈ ವಾರದ್ದು ಓದವ್ವ."

"ಎಲ್ಲಿಗಾದ್ರೂ ಹೋಗ್ಬೇಕಾ ಅಜ್ಜಿ?"

"ಓಗಾಕಲ್ಲ. ಊರಲ್ಲಿ ಏನೇನು ನಡೀತದೆ ಅಂತ ಕೇಳಾಕೆ. ಗೋಡೆ ನಂಗೆ ಕಾಣಕ್ಕಿಲ್ವಲ್ಲ. ಮಂಟಯ್ಯ ಓದ್ತಾನೆ, ಗಡಗಡ ಅಂತಾನೆ. ನಿಂದಾದ್ರೆ ನಿಧಾನ ಐತೆ."

ಓದಿದೆ. ನಾಟಕ, ಗಮಕ, ರಕ್ತದಾನ. ಒಂದೊಂದಕ್ಕೂ "ಊಂ", "ಊಂ". ಕಿವಿಯಿಂದ ಕೇಳುವವರಿಗೆ ಅಂತ ಓದಿದರೆ ವಾಕ್ಯ ಎಲ್ಲೆಲ್ಲಿ ಎಡವುತ್ತದೆ ಅನ್ನುವುದು ಆಗ ತಿಳಿಯಿತು. ಫೋನ್ ಇಟ್ಟ ಮೇಲೆ ನಾಲ್ಕು ಕಡೆ ತಿದ್ದಿದೆ.

1 ಅಕ್ಟೋಬರ್, ಬುಧವಾರ

ದಸರಾ. ಇವತ್ತು ಒಂದೇ ದಿನ ಮೂವತ್ತೆಂಟು ಕಾರ್ಯಕ್ರಮ. ಫೋನ್ ಮಾಡಿ ಮಾಡಿ ಕಿವಿ ಬಿಸಿಯಾಗಿದೆ.

ಅಪ್ಪನ ಕುತ್ತಿಗೆಯಲ್ಲಿ ಎಡಕ್ಕೆ ಗಂಟು. ನಾಳೆ ತೋರಿಸಬೇಕು.

3 ಅಕ್ಟೋಬರ್, ಶುಕ್ರವಾರ

ಮತ್ತೆ ಬಂದಿದೆ. ಶ್ವಾಸಕೋಶಕ್ಕೂ ಇಳಿದಿದೆ. ಈ ಸಲ ಡಾಕ್ಟರನ್ನು ನಾನೇನೂ ಕೇಳಲಿಲ್ಲ.

26 ಅಕ್ಟೋಬರ್, ಭಾನುವಾರ

ಅಪ್ಪನಿಗೆ ಸ್ಲೇಟು ಹಿಡಿಯಲು ಆಗುವುದಿಲ್ಲ. ನನ್ನ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಾರೆ. ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ತಿಳಿಯದಿದ್ದರೂ ಹೂಂ ಅನ್ನುತ್ತೇನೆ. ಸುಳ್ಳು ಅಂತ ಅವರಿಗೆ ಗೊತ್ತಾಗುತ್ತದೆ. ಇನ್ನೊಂದು ಸಲ ಬರೆಯುತ್ತಾರೆ, ನಿಧಾನವಾಗಿ.

20 ನವೆಂಬರ್, ಗುರುವಾರ

ಅಪ್ಪ ಹೋಗಿ ಒಂಬತ್ತು ದಿನ. 11ನೇ ತಾರೀಖು, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಲಿಂಗೈಕ್ಯರಾದರು ಅಂತ ಬಂದವರೆಲ್ಲ ಹೇಳಿದರು. ನನಗೆ ಹೋದರು ಅಂತಲೇ ಬರೆಯಲು ಬರುವುದು.

ಅವ್ವ ಹಾಲು ಕಾಯಿಸುತ್ತಿದ್ದಳು. ನಾನು ಪಕ್ಕದಲ್ಲೇ ಇದ್ದೆ. ಕುತ್ತಿಗೆಯ ಬಟ್ಟೆ ಹೊರಗೆ ಬಂತು, ಮತ್ತೆ ಒಳಗೆ ಹೋಗಲಿಲ್ಲ. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದೆ.

ಹುಚ್ಚಣ್ಣ ರುದ್ರಭೂಮಿವರೆಗೂ ಖಾಲಿ ಆಟೋ ಓಡಿಸಿಕೊಂಡು ಬಂದ. ಹಿಂದಿನ ಸೀಟಿನಲ್ಲಿ ಯಾರನ್ನೂ ಕೂರಿಸಲಿಲ್ಲ. ಎಷ್ಟೋ ಬೀದಿಗಳಿಂದ ಜನ ಬಂದಿದ್ದರು, ಮುಖ ನೋಡಿದರೆ ನನಗೆ ಗುರುತಿಲ್ಲ.

ಶ್ರದ್ಧಾಂಜಲಿ ಸಭೆ ಭಾನುವಾರ ಇಟ್ಟುಕೊಳ್ಳೋಣ, ನೀವೇ ಬರೆದುಕೊಡಿ ಅಂದರು ಸರ್. ಮೂರು ಸಲ ಶುರು ಮಾಡಿದೆ. ಆಗಲಿಲ್ಲ. ಕೊನೆಗೆ ಅವರೇ ಬರೆದರು. ಅಧ್ಯಕ್ಷರ ಹೆಸರು ಮೊದಲನೇ ಸಾಲಿನಲ್ಲೇ ಇದೆ. ಹಾಗೇ ಬಿಟ್ಟೆ.

22 ನವೆಂಬರ್, ಶನಿವಾರ, ಮಧ್ಯಾಹ್ನ

ಇವತ್ತಿನಿಂದ ಆಫೀಸು. ಕುಶನ್ ಕುರ್ಚಿ ಅಲ್ಲೇ ಇದೆ. ಸರ್ ಅದರಲ್ಲಿ ಕೂರುತ್ತಿಲ್ಲ, ಎತ್ತಿಡುತ್ತಲೂ ಇಲ್ಲ.

ಹನ್ನೊಂದಕ್ಕೆ ಫೋನು. ದೇವಿರಮ್ಮ. ಹೋದ ಎರಡು ವಾರ ಮಗನ ಜೊತೆ ಬೇರೆ ಊರಿಗೆ ಹೋಗಿದ್ದರಂತೆ, ನಿನ್ನೆ ಬಂದದ್ದಂತೆ. ಏನೂ ಗೊತ್ತಿಲ್ಲ. ಮಂಟಯ್ಯನೂ ಹೇಳಿಲ್ಲ.

"ಓದವ್ವ" ಅಂದರು.

ಓದಿದೆ. ಒಂಬತ್ತು ಕಾರ್ಯಕ್ರಮ. ಅಪ್ಪನ ಸಭೆಯದು ಆರನೆಯದು. ಅದೊಂದನ್ನು ಬಿಟ್ಟು ಓದಿದೆ.

"ಯಾಕವ್ವ, ಗಂಟ್ಲು ಕಟ್ಟೈತೆ?"

"ಶೀತ ಅಜ್ಜಿ."

"ನಿಮ್ಮಪ್ಪಂಗೆ ಒಸಿ ಕೊಡು ಫೋನ."

"ಅವರು ಮಾತಾಡಲ್ವಲ್ಲ ಅಜ್ಜಿ."

"ಮಾತು ಯಾರಿಗೆ ಬೇಕು? ಉಸ್ರು ಬುಡ್ತಾನಲ್ಲ, ಅದ್ನೇ ಕೇಳ್ತೀನಿ. ಅವ್ನು ಅಂತ ಗೊತ್ತಾಯ್ತದೆ."

ಸರ್ ತಲೆ ಎತ್ತಿ ನೋಡಿದರು, ಎದ್ದು ಹೊರಗೆ ಹೋದರು. ಆಮೇಲೆ ಹೇಳಿದೆ. ಯಾವತ್ತು, ಎಷ್ಟೊತ್ತಿಗೆ, ಎಲ್ಲ. ಆರನೆಯದು ಒಂದು ಬಿಟ್ಟಿದ್ದೆ ಅಂತಲೂ ಹೇಳಿದೆ.

ಅಜ್ಜಿ ಫೋನ್ ಇಡಲಿಲ್ಲ. ಅಂಗಡಿಯ ಮುಂದೆ ಬಸ್ಸೊಂದು ನಿಂತು ಹೊರಟ ಸದ್ದು ಕೇಳಿಸಿತು. ಯಾರೋ ಮಂಟಯ್ಯನನ್ನು ಚಿಲ್ಲರೆ ಕೇಳುತ್ತಿದ್ದರು.

"ಬುಟ್ಟಿದ್ಯಲ್ಲ, ಅದ್ನ ಓದವ್ವ" ಅಂದರು ಆಮೇಲೆ. "ಬರ್ತೀನಿ."

ಕಾಗದ ಎತ್ತಿಕೊಂಡೆ. ಅಧ್ಯಕ್ಷರ ಹೆಸರು ದಾಟಿ, ನಾಳೆ ಭಾನುವಾರ ಬೆಳಿಗ್ಗೆ ಹತ್ತೂವರೆ ಅಂತ ಶುರು ಮಾಡಿದೆ. ಎಲ್ಲಿ ಇಳಿಯಬೇಕು ಅನ್ನುವುದನ್ನು ಸರ್ ಬರೆದೇ ಇರಲಿಲ್ಲ. ಒಂಬತ್ತು ಗಂಟೆಗೇ ಸಿಟಿ ಬಸ್ ಸ್ಟ್ಯಾಂಡಿಗೆ ನಾನೇ ಬರ್ತೀನಿ ಅಜ್ಜಿ, ಇಳಿದು ಅಲ್ಲೇ ನಿಂತಿರಿ ಅಂದೆ. "ಊಂ" ಅಂದರು.